ಗೇರೋ, ಆಟೋಮ್ಯಾಟಿಕ್ಕೋ, ಇವಿಯೋ? ಬೆಂಗಳೂರಿನ ಏರಿನಲ್ಲಿ ನಿಮ್ಮ ಕಾಲಿಗೆ ಒಗ್ಗುವ ಕಾರು ಯಾವುದು

ಹನುಮಂತನಗರದ ಒಂದು ಏರು ರಸ್ತೆ. ಮುಂದೆ ಹಾಲಿನ ವ್ಯಾನ್ ನಿಂತಿತ್ತು, ಹಿಂದೆ ಒಂದು ಆಟೋ. ನನಗೆ ಲೈಸೆನ್ಸ್ ಬಂದು ಹನ್ನೊಂದು ದಿನ ಆಗಿತ್ತು. ವ್ಯಾನ್ ಹೊರಟಿತು. ಬ್ರೇಕ್ ಮೇಲಿದ್ದ ಕಾಲನ್ನು ಆಕ್ಸಿಲರೇಟರ್‌ಗೆ ಇಡುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ ಇನ್ನಷ್ಟು ಒತ್ತಿಬಿಟ್ಟೆ. ಜಾರುವುದು ಜಾಸ್ತಿಯಾಯಿತು. "ಹ್ಯಾಂಡ್‌ಬ್ರೇಕ್ ಎಳಿಯಮ್ಮಾ!" ಅಂತ ಹಿಂದಿನಿಂದ ಕೂಗು ಬಂತು, ಅದರ ಜೊತೆಗೇ ಬಂಪರ್ ಆಟೋಗೆ ತಾಗಿದ ಸದ್ದು.

ಯಾರಿಗೂ ಏನೂ ಆಗಲಿಲ್ಲ. ಆಟೋದವರು ಇಳಿದು ಬಂದು ಬೈಯಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿಸಿ, ನಿಧಾನವಾಗಿ ಕ್ಲಚ್ ಬಿಡಿಸಿ, ಏರು ಹತ್ತಿಸಿ ಕಳಿಸಿದರು. ಮನೆಗೆ ಬಂದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಹತ್ತಿರವೂ ಕ್ಲಚ್, ಬ್ರೇಕ್ ಇರುತ್ತವೆ. ಅಷ್ಟು ದಿನ ಏರಿನಲ್ಲಿ ಕಾರು ಹೊರಡಿಸುತ್ತಿದ್ದದ್ದು ನಾನಲ್ಲ, ಪಕ್ಕದ ಸೀಟಿನ ಕಾಲು.

ಆಮೇಲೆ ನಾಲ್ಕು ವರ್ಷ ಅದೇ ಗೇರ್ ಕಾರು ಓಡಿಸಿದೆ. ನಂತರ ಮೂರು ವರ್ಷ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಾಗುವ ಕಾರು. ಈಗ ಮನೆಯಲ್ಲಿರುವುದು ಇವಿ, ಅಂದರೆ ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಕಾರು. ತಂಗಿ ಮನೆಯ ಸಿವಿಟಿ (ಇನ್ನೊಂದು ಬಗೆಯ ಆಟೋಮ್ಯಾಟಿಕ್) ಕಾರನ್ನೂ ಆಗಾಗ ಓಡಿಸುತ್ತೇನೆ. ಇದು ಗೊತ್ತಿರುವವರು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ: "ಮೊದಲ ಕಾರು ತಗೋತಾ ಇದೀವಿ, ಗೇರ್‌ದೇ ತಗೊಳ್ಳೋದಾ, ಆಟೋಮ್ಯಾಟಿಕ್ಕಾ?" ಶೋರೂಮಿಗೆ ಹೋದರೆ ಅಲ್ಲಿ ಮೈಲೇಜ್ ಹೇಳುತ್ತಾರೆ, ಸನ್‌ರೂಫ್ ತೋರಿಸುತ್ತಾರೆ. ಹೆದರಿದಾಗ ನಿಮ್ಮ ಕಾಲು ಏನು ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಅದೇ. ಮಗು ಅಡ್ಡ ಬಂತು, ಬೈಕ್ ನುಗ್ಗಿತು. ಆ ಒಂದು ಕ್ಷಣದಲ್ಲಿ ತಪ್ಪು ಪೆಡಲ್ ಒತ್ತುವ ಸಾಧ್ಯತೆ ಯಾವ ಕಾರಿನಲ್ಲಿ ಎಷ್ಟಿದೆ? ತಪ್ಪು ಒತ್ತಿದರೆ ಏನಾಗುತ್ತದೆ? ಗೇರ್ ಕಾರಿನಲ್ಲಿ ತಪ್ಪಿದರೆ ಬಹಳ ಸಲ ಎಂಜಿನ್ ಆಫ್ ಆಗಿ ಕಾರು ನಿಲ್ಲುತ್ತದೆ. ಆಟೋಮ್ಯಾಟಿಕ್‌ನಲ್ಲಿ ತಪ್ಪಿದರೆ ಕಾರು ಮುಂದಕ್ಕೆ ಹಾರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎರಡನೆಯದು ಏರು. ಬೆಂಗಳೂರು ಸಪಾಟಾದ ಊರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹನುಮಂತನಗರ, ಗಿರಿನಗರದ ಕಡೆ ಓಡಾಡುವವರಿಗೆ ನಿಜ ಗೊತ್ತು. ಹೆಬ್ಬಾಳದ ಫ್ಲೈಓವರ್ ಏರಿನ ಮೇಲೆ ಸಂಜೆ ಸಿಕ್ಕಿಹಾಕಿಕೊಂಡವರಿಗೂ ಗೊತ್ತು. ಇವೆಲ್ಲಕ್ಕಿಂತ ಕಷ್ಟ ಅಪಾರ್ಟ್‌ಮೆಂಟು, ಮಾಲ್‌ಗಳ ಬೇಸ್‌ಮೆಂಟಿನಿಂದ ಮೇಲೆ ಬರುವ ರ್‍ಯಾಂಪ್. ಕಡಿದಾದ ಏರು, ಮೇಲೆ ತಿರುವು, ತುದಿಯಲ್ಲಿ ಸೆಕ್ಯುರಿಟಿಯವರು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ.

ಮೂರನೆಯದು ಜಾಮ್. 2022ರಲ್ಲಿ ಊರುಗಳ ಸಂಚಾರ ಅಳೆಯುವ ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ 20 ಕಿಲೋಮೀಟರ್‌ನ ಆಸುಪಾಸು. ಅದೂ ಸರಾಸರಿ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯದಲ್ಲಿ ಸಂಜೆ ಏಳಕ್ಕೆ ಇರುವವರಿಗೆ 20 ಅನ್ನುವುದೇ ಜಾಸ್ತಿ ವೇಗ. ಆ ತೆವಳುವಿಕೆಯಲ್ಲಿ ಕಾಲು ದಣಿದರೆ ಮನಸ್ಸೂ ದಣಿಯುತ್ತದೆ. ದಣಿದ ಮನಸ್ಸಿಗೆ ಕನ್ನಡಿ ನೋಡುವುದು ಮರೆತುಹೋಗುತ್ತದೆ.

ಆಮೇಲೆ ಇಳಿಜಾರು, ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೆ ಅನ್ನುವುದು, ಮತ್ತೆ ದುಡ್ಡು.

ದುಡ್ಡಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಜೀವಿತಾವಧಿ ತೆರಿಗೆ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶೇ. 14, 10ರಿಂದ 20 ಲಕ್ಷದೊಳಗಿದ್ದರೆ ಶೇ. 17. ಇದರ ಮೇಲೆ ಸೆಸ್ ಬೇರೆ. ನಿಮಗೆ ಇಷ್ಟವಾದ ಗೇರ್ ಕಾರು ಒಂಬತ್ತೂವರೆ ಲಕ್ಷಕ್ಕಿದ್ದು, ಅದರ ಆಟೋಮ್ಯಾಟಿಕ್ ಹತ್ತೂವರೆ ಆದರೆ, ಜಾಸ್ತಿಯಾಗುವುದು ಒಂದು ಲಕ್ಷ ಮಾತ್ರವಲ್ಲ. ತೆರಿಗೆಯೇ ಸುಮಾರು 45 ಸಾವಿರ ಜಾಸ್ತಿಯಾಗುತ್ತದೆ. ಆನ್‌ರೋಡ್ ಬೆಲೆ ಬರೆಸಿಕೊಂಡೇ ಹೋಲಿಸಿ.

ಗೇರ್ ಕಾರು

ಮೂರು ಪೆಡಲ್. ಎಡಗಾಲಿಗೆ ಕ್ಲಚ್ ಒಂದೇ. ಬಲಗಾಲಿಗೆ ಬ್ರೇಕ್ ಮತ್ತು ಆಕ್ಸಿಲರೇಟರ್. ಕ್ಲಚ್ ಅಂದರೆ ಎಂಜಿನ್‌ಗೂ ಚಕ್ರಕ್ಕೂ ಇರುವ ಕೊಂಡಿ. ಒತ್ತಿದರೆ ಕೊಂಡಿ ಬಿಟ್ಟುಹೋಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳಲು ಶುರುವಾಗುವ ಜಾಗದಲ್ಲಿ ಕಾರಿನ ಮೂತಿ ಸ್ವಲ್ಪ ಏಳುತ್ತದೆ, ಎಂಜಿನ್ ಸದ್ದು ದಪ್ಪಗಾಗುತ್ತದೆ, ಪಾದಕ್ಕೆ ಸಣ್ಣ ನಡುಕ ತಿಳಿಯುತ್ತದೆ. ಎಲ್ಲರೂ ಹಾಫ್ ಕ್ಲಚ್ ಅನ್ನುವುದು ಇದನ್ನೇ. ಗೇರ್ ಕಾರು ಕಲಿಯುವುದು ಅಂದರೆ ಮುಕ್ಕಾಲು ಪಾಲು ಈ ಜಾಗವನ್ನು ಪಾದಕ್ಕೆ ಪರಿಚಯ ಮಾಡಿಸುವುದು.

ಏರಿನಲ್ಲಿ ಹೊರಡುವುದನ್ನು ನಾನು ಕಲಿತದ್ದು ಆ ಆಟೋದವರಿಂದ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿರಲಿ. ಅದರ ಗುಂಡಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ, ಆದರೆ ಕೆಳಗಿಳಿಸಬೇಡಿ. ಮೊದಲ ಗೇರ್. ಸ್ವಲ್ಪ ಆಕ್ಸಿಲರೇಟರ್. ಈಗ ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಮೂತಿ ಎದ್ದಿತು ಅನ್ನಿಸಿದ ಕೂಡಲೇ ಕ್ಲಚ್ ಅಲ್ಲೇ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಹಿಂದೆ ಹೋಗುವುದಿಲ್ಲ, ಮುಂದೆ ತೆವಳುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಈ ಎಂಟು ಸೆಕೆಂಡ್ ನಿಮ್ಮದು.

ಗೇರ್ ಕಾರಿನ ದೊಡ್ಡ ಗುಣ ನಾನು ಮೊದಲೇ ಹೇಳಿದ್ದು. ನಿಂತ ಕಡೆ ಕ್ಲಚ್ ತಪ್ಪಿ ಬಿಟ್ಟರೆ ಒಂದು ಸಲ ಜಗ್ಗಿ ಆಫ್ ಆಗುತ್ತದೆ. ಪಾರ್ಕಿಂಗ್‌ನಲ್ಲಿ ಗೋಡೆಗೆ ನುಗ್ಗುವ ಅಪಘಾತಗಳಿಗೆ ಇದು ಒಳ್ಳೆಯ ತಡೆ. ಇಳಿಜಾರಿನಲ್ಲೂ ಇದರ ಹಿಡಿತ ನಿಮ್ಮ ಕೈಯಲ್ಲಿರುತ್ತದೆ. ನಂದಿ ಬೆಟ್ಟದಿಂದ ಇಳಿಯುವಾಗ ಎರಡನೇ ಗೇರ್‌ನಲ್ಲಿಟ್ಟರೆ ಎಂಜಿನ್ನೇ ಕಾರನ್ನು ತಡೆಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಎಂಜಿನ್‌ನ ತಡೆ ಇರುವುದಿಲ್ಲ, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಇನ್ನು ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಜೀವಕ್ಕೇ ಅಪಾಯ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ಕಷ್ಟ ಎಲ್ಲಿ ಅಂದರೆ ಜಾಮ್‌ನಲ್ಲಿ. ಔಟರ್ ರಿಂಗ್ ರೋಡ್‌ನಲ್ಲಿ ದಿನಾ ಒಂದೂವರೆ ಗಂಟೆ ಇರುವವರ ಎಡ ಮಂಡಿ ತಾನೇ ದೂರು ಹೇಳುತ್ತದೆ. ಹಾಫ್ ಕ್ಲಚ್‌ನಲ್ಲಿ ತೆವಳಿಸುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಸುಟ್ಟ ವಾಸನೆ ಬಂತು ಅಂದರೆ ಅದು ನಿಮಗೆ ಕೊಟ್ಟ ಎಚ್ಚರಿಕೆ. ಮುಂದಿನ ಕಾರು ಒಂದು ಅಡಿ ಸರಿದ ಕೂಡಲೇ ನೀವೂ ಸರಿಯಬೇಕಿಲ್ಲ. ಒಂದು ಕಾರಿನಷ್ಟು ಜಾಗ ಆಗುವವರೆಗೆ ಕಾದು, ಒಮ್ಮೆಗೇ ಹೋಗಿ ನಿಲ್ಲಿಸಿ. ಪಕ್ಕದವರು ನುಗ್ಗುತ್ತಾರೆ, ನಿಜ. ಒಬ್ಬರು ನುಗ್ಗಿದರೆ ನಿಮಗೆ ತಡವಾಗುವುದು ಐದು ಸೆಕೆಂಡ್.

ಯಾರಿಗೆ? ಬಜೆಟ್ ಬಿಗಿಯಾಗಿದ್ದವರಿಗೆ. ವಾರಕ್ಕೆ ಎರಡು ದಿನ ಓಡಿಸಿ, ಹಬ್ಬಕ್ಕೆ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗುವವರಿಗೆ. ದಿನಾ ಪೀಕ್ ಅವರ್‌ನಲ್ಲಿ ಆಫೀಸಿಗೆ ಹೋಗಬೇಕಾದ ಹೊಸಬರಿಗೆ ನಾನು ಹೇಳುವುದಿಲ್ಲ.

ಎಎಂಟಿ: ಎರಡೇ ಪೆಡಲ್, ಆದರೆ ಒಳಗೆ ಕ್ಲಚ್ ಇದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಂಗಳೂರಿನ ಮಧ್ಯಮ ವರ್ಗದವರು ಮೊದಲ ಆಟೋಮ್ಯಾಟಿಕ್ ಅಂತ ತಗೊಳ್ಳುವುದು ಬಹುತೇಕ ಇದನ್ನೇ. ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ.

ನಮ್ಮಲ್ಲಿ ಇದನ್ನು ಜನರ ಕೈಗೆ ಎಟುಕುವಂತೆ ಮಾಡಿದ್ದು 2014ರಲ್ಲಿ ಬಂದ ಮಾರುತಿ ಸೆಲೆರಿಯೊ. ಈಗ ವ್ಯಾಗನ್‌ಆರ್, ಸ್ವಿಫ್ಟ್, ಟಿಯಾಗೊ, ಪಂಚ್, ಎಕ್ಸ್‌ಟರ್ ಎಲ್ಲದರಲ್ಲೂ ಸಿಗುತ್ತದೆ. ಮಾರುತಿಯವರು ಎಜಿಎಸ್ ಅನ್ನುತ್ತಾರೆ. ಗೇರ್ ಕಾರಿಗಿಂತ ಸುಮಾರು 50 ಸಾವಿರ ಜಾಸ್ತಿ. ಮೈಲೇಜ್ ಹೆಚ್ಚುಕಮ್ಮಿ ಗೇರ್ ಕಾರಿನಷ್ಟೇ.

ಎಎಂಟಿ ಅಂದರೆ ಅದೇ ಗೇರ್ ಕಾರಿನ ಗೇರ್‌ಬಾಕ್ಸ್, ಅದೇ ಕ್ಲಚ್. ನಿಮ್ಮ ಎಡಗಾಲಿನ ಕೆಲಸವನ್ನೂ ಗೇರ್ ಹಾಕುವ ಕೈಯ ಕೆಲಸವನ್ನೂ ಒಂದು ಯಂತ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಗೇರ್ ಬದಲಾಗುವಾಗ ತಲೆ ಒಂಚೂರು ಮುಂದೆ ಹೋಗಿ ಬರುವುದು ಅದಕ್ಕೇ. ಆ ಜಗ್ಗಾಟ ವಾರದಲ್ಲಿ ರೂಢಿಯಾಗುತ್ತದೆ. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಇನ್ನೂ ಕಡಿಮೆಯಾಗುತ್ತದೆ.

ರೂಢಿಯಾಗಬಾರದ ವಿಷಯ ಬೇರೆ ಇದೆ. ಏರಿನಲ್ಲಿ ಹಿಲ್ ಹೋಲ್ಡ್ (ಕಾರು ಜಾರದಂತೆ ಹಿಡಿದಿಡುವ ವ್ಯವಸ್ಥೆ) ಇಲ್ಲದ ಎಎಂಟಿ ಹಿಂದಕ್ಕೆ ಜಾರುತ್ತದೆ. "ಆಟೋಮ್ಯಾಟಿಕ್ ಅಲ್ವಾ, ಯಾಕೆ ಜಾರಬೇಕು?" ಅಂತ ನಾನೂ ಕೇಳಿದ್ದೆ. ಒಳಗಿರುವುದು ಕ್ಲಚ್, ಅದಕ್ಕೆ ಕೂಡಿಕೊಳ್ಳಲು ಒಂದು ಕ್ಷಣ ಬೇಕು. ಆ ಕ್ಷಣದಲ್ಲಿ ಜಾರುತ್ತದೆ. ಜಾರದಿರಲಿ ಅಂತ ಹಲವರು ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸಿಕೊಂಡಿರುತ್ತಾರೆ. ಅದು ಕ್ಲಚ್ಚನ್ನು ಸುಡುವ ಅತಿ ಸುಲಭದ ದಾರಿ. ಏರಿನಲ್ಲಿ ನಿಲ್ಲುವುದು ಬ್ರೇಕ್‌ನಿಂದಲೇ ಆಗಬೇಕು. ಹೊರಡಲು ಕಷ್ಟವಾದರೆ ಇಲ್ಲೂ ಹ್ಯಾಂಡ್‌ಬ್ರೇಕ್ ಉಪಾಯವೇ.

ಆದ್ದರಿಂದ ಎಎಂಟಿ ತಗೊಳ್ಳುವುದಾದರೆ ಹಿಲ್ ಹೋಲ್ಡ್ ಇರುವ ಮಾಡೆಲ್ಲೇ ತಗೊಳ್ಳಿ. ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡಿನಷ್ಟು ಅದು ಕಾರನ್ನು ಹಿಡಿದಿಡುತ್ತದೆ. ಅಲಾಯ್ ವೀಲ್, ದೊಡ್ಡ ಸ್ಕ್ರೀನ್ ಬಿಟ್ಟರೂ ನಡೆಯುತ್ತದೆ, ಇದನ್ನು ಬಿಡಬೇಡಿ.

ಇನ್ನೊಂದು: ಬಹಳಷ್ಟು ಎಎಂಟಿಗಳಲ್ಲಿ ಪಿ, ಅಂದರೆ ಪಾರ್ಕಿಂಗ್ ಸ್ಥಾನ, ಇರುವುದಿಲ್ಲ. ಲಿವರ್ ಮೇಲೆ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಮ್ಯಾನುವಲ್) ಅಷ್ಟೇ. ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಮರೆತು ಇಳಿದರೆ ಕಾರು ಉರುಳುತ್ತದೆ. ಬ್ರೇಕ್ ಒತ್ತಿಕೊಂಡೇ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಗೇರ್‌ನಲ್ಲಿಟ್ಟು ಆಫ್ ಮಾಡಿ. ಯಾವ ಗೇರ್‌ನಲ್ಲಿಡಬೇಕು ಅನ್ನುವುದು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿರುತ್ತದೆ. ಆ ಒಂದು ಪುಟವನ್ನಾದರೂ ಓದಿ.

ಮೂರು ವರ್ಷ ದಿನಾ ಓಡಿಸಿದ ಮೇಲೆ ನನ್ನ ಅನಿಸಿಕೆ: ಕಡಿಮೆ ದುಡ್ಡಿನಲ್ಲಿ ಎಡಗಾಲಿಗೆ ವಿರಾಮ ಕೊಡುವ ಕಾರು ಇದೇ. ಬೇಸ್‌ಮೆಂಟ್ ರ್‍ಯಾಂಪ್‌ನಲ್ಲಿ ಮಾತ್ರ ಇದನ್ನು ಗೇರ್ ಕಾರು ಅಂದುಕೊಂಡೇ ಓಡಿಸಬೇಕು.

ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿ

ಎರಡೂ ಬೇರೆ ಬೇರೆ ತಂತ್ರ. ಓಡಿಸುವವರ ಕಾಲಿನ ಮಟ್ಟಿಗೆ ಹತ್ತಿರದ ಬಂಧುಗಳು. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗುತ್ತದೆ. ಬ್ರೆಜ್ಜಾ, ಎರ್ಟಿಗಾದಲ್ಲಿರುವುದು ಇದು. ಸಿವಿಟಿಯಲ್ಲಿ ಗೇರ್‌ಗಳೇ ಇಲ್ಲ. ಅಗಲ ಬದಲಾಗುವ ಎರಡು ಗಾಲಿಗಳ ನಡುವೆ ಒಂದು ಬೆಲ್ಟು ಓಡುತ್ತದೆ. ಹೋಂಡಾ ಅಮೇಜ್, ಸಿಟಿ, ನಿಸ್ಸಾನ್ ಮ್ಯಾಗ್ನೈಟ್ ಟರ್ಬೋದಲ್ಲಿ ಇದಿದೆ.

ಜಾಮ್‌ನಲ್ಲಿ ಇವುಗಳ ಸುಖ ಒಂದು ಸಲ ಕೂತರೆ ಗೊತ್ತಾಗುತ್ತದೆ. ಡಿ ನಲ್ಲಿಟ್ಟು ಬ್ರೇಕ್ ಸಡಿಲಿಸಿದರೆ ಕಾರು ತಾನೇ ನಡಿಗೆಯ ವೇಗದಲ್ಲಿ ಹೊರಡುತ್ತದೆ. ಒತ್ತಿದರೆ ನಿಲ್ಲುತ್ತದೆ. ಟಿನ್ ಫ್ಯಾಕ್ಟರಿಯಿಂದ ಮಾರತ್ತಹಳ್ಳಿವರೆಗೆ ತಂಗಿಯ ಸಿವಿಟಿಯನ್ನು ನಾನು ಹೆಚ್ಚಿನಂಶ ಬ್ರೇಕ್ ಪೆಡಲ್ ಒಂದರಲ್ಲೇ ಓಡಿಸಿದ್ದೇನೆ. ಸಣ್ಣ ಏರುಗಳಲ್ಲಿ ಜಾರುವುದೂ ಇಲ್ಲ. ಪಿ ಇರುತ್ತದೆ. ಆದರೂ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಪಿ ಅನ್ನುವುದು ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆ. ಇಳಿಜಾರಿನಲ್ಲಿ ಇಡೀ ಕಾರಿನ ಭಾರವನ್ನು ಅದರ ಮೇಲೆ ಹೊರಿಸಬಾರದು.

ತಾನೇ ಹೊರಡುವ ಗುಣದಲ್ಲೇ ಅಪಾಯವೂ ಇದೆ. ಡಿ ನಲ್ಲಿಟ್ಟು, ಟೋಲ್‌ನಲ್ಲಿ ಚಿಲ್ಲರೆ ಬಿತ್ತು ಅಂತ ಬಗ್ಗಿದರೆ, ಬ್ರೇಕ್ ಸಡಿಲವಾಗಿ ಕಾರು ಹೊರಟೇಬಿಡುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಸಿಗ್ನಲ್ ಆದರೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದುಬಿಡಿ. ಹಿಂದಿನ ಸೀಟಿನ ಮಗುವಿಗೆ ನೀರು ಕೊಡಲು ತಿರುಗುವ ಮುಂಚೆಯಂತೂ ಖಂಡಿತ.

ಬೆಲೆ ಗೇರ್ ಕಾರಿಗಿಂತ ಸಾಮಾನ್ಯವಾಗಿ ಲಕ್ಷ ದಾಟುತ್ತದೆ. ಮೈಲೇಜ್ ಸ್ವಲ್ಪ ಕಡಿಮೆ. ಸಿವಿಟಿಯಲ್ಲಿ ಜೋರಾಗಿ ಒತ್ತಿದರೆ ಮೊದಲು ಸದ್ದು ಬರುತ್ತದೆ, ವೇಗ ಆಮೇಲೆ. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ವಯಸ್ಸಾದ ಅಪ್ಪ ಅಮ್ಮ ಓಡಿಸುವ ಮನೆಗೆ, ಮಂಡಿನೋವಿನವರಿಗೆ, ದಿನಾ ರಿಂಗ್ ರೋಡ್ ಹಿಡಿಯುವವರಿಗೆ ದುಡ್ಡು ಹೊಂದಿದರೆ ನನ್ನ ಮೊದಲ ಆಯ್ಕೆ ಇವೇ.

ಡಿಸಿಟಿ, ಐಎಂಟಿ

ಇವುಗಳನ್ನು ಬೇಗ ಮುಗಿಸುತ್ತೇನೆ. ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ. ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ ಇರುವ ಡಿಸಿಟಿಗಳು ಮಾತ್ರ ತೆವಳುವ ಜಾಮ್‌ನಲ್ಲಿ ಬಿಸಿಯಾಗುತ್ತವೆ, ಅದರಲ್ಲೂ ಏರಿನಲ್ಲಿ. ಎಎಂಟಿಗೆ ಹೇಳಿದ ಬ್ರೇಕ್ ನಿಯಮ ಇದಕ್ಕೂ ಅನ್ವಯಿಸುತ್ತದೆ. ಬೆಲೆಯೂ ಜಾಸ್ತಿ. ಹೈವೇ ಓಟವೇ ಹೆಚ್ಚಿದ್ದರೆ ನೋಡಿ.

ಐಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರ್ ಮಾತ್ರ ನೀವೇ ಹಾಕಬೇಕು. ಹೊಸಬರಿಗೆ ಇದರಿಂದ ಗೊಂದಲವೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಗೇರ್ ಕಾರಿನ ಅಭ್ಯಾಸವೂ ಆಗುವುದಿಲ್ಲ, ಆಟೋಮ್ಯಾಟಿಕ್‌ನ ಆರಾಮವೂ ಪೂರ್ತಿ ಸಿಗುವುದಿಲ್ಲ.

ಇವಿ: ಎಲ್ಲಕ್ಕಿಂತ ಸುಲಭ, ಅದಕ್ಕೇ ಎಚ್ಚರ ಬೇಕು

ಕ್ಲಚ್ ಇಲ್ಲ, ಬದಲಾಗುವ ಗೇರ್ ಇಲ್ಲ, ಆಫ್ ಆಗುವ ಎಂಜಿನ್ನೂ ಇಲ್ಲ. ಬೆಂಗಳೂರಿನ ಜಾಮ್‌ಗೆ ಹೇಳಿ ಮಾಡಿಸಿದಂತಿದೆ. ನಮ್ಮ ಮನೆಯಲ್ಲಿ ಓಡಿಸಲು ಹೆದರುತ್ತಿದ್ದ ಅತ್ತಿಗೆ ಈಗ ಇವಿಯಲ್ಲಿ ಗಾಂಧಿ ಬಜಾರಿಗೆ ಹೋಗಿ ಹೂ, ತರಕಾರಿ ತಂದುಬಿಡುತ್ತಾರೆ.

ಆದರೆ ಮೂರು ವಿಷಯ ತಿಳಿದುಕೊಂಡು ಹತ್ತಬೇಕು.

ಪೆಟ್ರೋಲ್ ಕಾರಿನಲ್ಲಿ ಒತ್ತಿದ ಮೇಲೆ ಶಕ್ತಿ ಬರಲು ಒಂಚೂರು ಹೊತ್ತು ಬೇಕು. ಇವಿಯಲ್ಲಿ ಒತ್ತಿದ ತಕ್ಷಣ ಬರುತ್ತದೆ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದರೆ ಯೋಚಿಸಲೂ ಸಮಯ ಇರುವುದಿಲ್ಲ. ಮೊದಲ ಎರಡು ತಿಂಗಳು ಇಕೋ ಮೋಡ್‌ನಲ್ಲೇ ಇಡಿ, ಆಗ ಒತ್ತಿದ್ದಕ್ಕೆ ಕಾರು ಮೆತ್ತಗೆ ಉತ್ತರಿಸುತ್ತದೆ.

ಎರಡನೆಯದು ರೀಜೆನ್. ಆಕ್ಸಿಲರೇಟರ್‌ನಿಂದ ಕಾಲು ಎತ್ತಿದರೆ ಮೋಟರ್ ಉಲ್ಟಾ ಕೆಲಸ ಮಾಡಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಕಾರು ತಾನೇ ನಿಧಾನವಾಗುತ್ತದೆ. ಇದನ್ನು ಜಾಸ್ತಿ ಮಟ್ಟದಲ್ಲಿಟ್ಟರೆ ಜಾಮ್‌ನಲ್ಲಿ ಬ್ರೇಕ್ ಮುಟ್ಟುವ ಕೆಲಸವೇ ಕಡಿಮೆ. ನನಗೂ ಅದು ತುಂಬ ಹಿಡಿಸಿತು. ಒಂದು ದಿನ ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟೆ. ಮನೆಯ ಪಕ್ಕದ ಇಳಿಜಾರಿನಲ್ಲಿ ದಿನದಂತೆ ಕಾಲು ಎತ್ತಿದೆ. ಕಾರು ನಿಧಾನವಾಗಲಿಲ್ಲ. ಬ್ಯಾಟರಿ ತುಂಬಿದ್ದರೆ ಚಾರ್ಜ್ ಹೋಗಲು ಜಾಗ ಎಲ್ಲಿ? ರೀಜೆನ್ ದುರ್ಬಲವಾಗಿತ್ತು. ಬ್ರೇಕ್‌ಗೆ ಕಾಲು ಹೋಯಿತು, ಏನೂ ಆಗಲಿಲ್ಲ. ಆದರೆ ಕಾಲು ಹೋಗಲು ಬೇಕಾದದ್ದಕ್ಕಿಂತ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯಿತು ಅನ್ನುವುದು ನನಗೆ ಇವತ್ತಿಗೂ ಗೊತ್ತು. ಆವತ್ತಿನಿಂದ ರೀಜೆನ್ ಮಧ್ಯಮದಲ್ಲಿಟ್ಟು, ನಿಲ್ಲಿಸಲು ಬ್ರೇಕನ್ನೇ ಬಳಸುತ್ತೇನೆ.

ಮೂರನೆಯದು, ನಿಮ್ಮ ಸದ್ದು ಯಾರಿಗೂ ಕೇಳಿಸುವುದಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸ್‌ನಂಥ ಕಡೆ ಜನ ಕಿವಿಯಿಂದ ರಸ್ತೆ ದಾಟುತ್ತಾರೆ. ರಿವರ್ಸ್ ತೆಗೆಯುವಾಗ ಹಿಂದೆ ಇರುವವರು ತಾವಾಗಿ ಸರಿಯುತ್ತಾರೆ ಅಂತ ನಂಬಬೇಡಿ. ಆಫ್ ಮಾಡದೆ ಇಳಿಯುವ ತಪ್ಪೂ ಇವಿಯಲ್ಲಿ ಸುಲಭ, ಎಂಜಿನ್ ಸದ್ದು ನೆನಪಿಸುವುದಿಲ್ಲವಲ್ಲ.

ಕೊಳ್ಳುವ ಬೆಲೆ ಜಾಸ್ತಿ, ಓಡಿಸುವ ಖರ್ಚು ಕಡಿಮೆ. ಸ್ವಂತ ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಿಸಲು ಜಾಗ, ಅಸೋಸಿಯೇಷನ್‌ನ ಒಪ್ಪಿಗೆ ಎರಡೂ ಸಿಕ್ಕರೆ ಮಾತ್ರ ಮುಂದುವರಿಯಿರಿ. ರಸ್ತೆ ಬದಿ ಕಾರು ನಿಲ್ಲಿಸುವ ಮನೆಗೆ ಇವಿ ದಿನದಿನದ ತಲೆನೋವು.

ಹಾಗಾದರೆ ನಿಮಗೆ ಯಾವುದು

ಲೈಸೆನ್ಸ್ ಚಿಂತೆ ಇದ್ದರೆ ಬಿಡಿ. ನಮ್ಮಲ್ಲಿ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಒಂದೇ, ಗೇರ್‌ಗೂ ಆಟೋಮ್ಯಾಟಿಕ್‌ಗೂ ಬೇರೆ ಬೇರೆ ಇಲ್ಲ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದ 30 ದಿನಕ್ಕೆ ಟೆಸ್ಟ್‌ಗೆ ಹೋಗಬಹುದು, 6 ತಿಂಗಳೊಳಗೆ ಮುಗಿಸಬೇಕು. ಆದರೂ ಕಲಿಯುವುದು ಗೇರ್ ಕಾರಿನಲ್ಲಿ, ಕೊಳ್ಳುವುದು ಆಟೋಮ್ಯಾಟಿಕ್ ಅನ್ನುವುದು ಬಹುತೇಕರಿಗೆ ಸರಿಹೋಗುವ ದಾರಿ ಅಂತ ನಾನು ನಂಬಿದ್ದೇನೆ. ಕ್ಲಚ್ ತಿಳಿದವರಿಗೆ ಎಎಂಟಿ ಯಾಕೆ ಜಾರುತ್ತದೆ ಅಂತ ಅರ್ಥವಾಗುತ್ತದೆ. ಊರಿಗೆ ಹೋದಾಗ ಮಾವನ ಹಳೆಯ ಕಾರನ್ನು ಆಸ್ಪತ್ರೆಗೆ ಓಡಿಸಬೇಕಾಗಿ ಬಂದರೆ ಕೈಕಟ್ಟಿ ಕೂರಬೇಕಾಗುವುದಿಲ್ಲ.

ಇದಕ್ಕೆ ಒಂದು ವಿನಾಯಿತಿ ಇದೆ. ಐವತ್ತು ದಾಟಿ ಮೊದಲ ಸಲ ಕಲಿಯುವವರು, ಕ್ಲಚ್‌ಗೆ ಹೆದರಿ ಎರಡು ಸಲ ಅರ್ಧಕ್ಕೇ ಬಿಟ್ಟವರು ನೇರವಾಗಿ ಸಿವಿಟಿ, ಟಾರ್ಕ್ ಕನ್ವರ್ಟರ್ ಅಥವಾ ಇವಿಯಲ್ಲೇ ಕಲಿಯಲಿ. ಹೆದರಿಕೆ ಇಟ್ಟುಕೊಂಡು ಗೇರ್ ಹಾಕುವುದಕ್ಕಿಂತ, ಕಣ್ಣು ರಸ್ತೆಯ ಮೇಲೆ ಇರುವುದು ಮುಖ್ಯ.

ಏಳೆಂಟು ಲಕ್ಷದೊಳಗೆ, ದಿನಾ ಆಫೀಸು: ಹಿಲ್ ಹೋಲ್ಡ್ ಇರುವ ಎಎಂಟಿ. ಅಷ್ಟೇ ದುಡ್ಡು, ವಾರಾಂತ್ಯ ಮಾತ್ರ: ಗೇರ್ ಕಾರು, ಉಳಿದ ದುಡ್ಡಿನಲ್ಲಿ ಹೆಚ್ಚು ಸುರಕ್ಷತೆಯ ಮಾಡೆಲ್. ಹತ್ತರಿಂದ ಹದಿನೈದು ಲಕ್ಷ, ಇಬ್ಬರು ಮೂವರು ಓಡಿಸುವ ಮನೆ: ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್, ಸ್ವಂತ ಚಾರ್ಜರ್: ಇವಿ. ಹಳೆಯ ಕಾರು ಕೊಳ್ಳುವವರು ಎಎಂಟಿ, ಡಿಸಿಟಿಗಳನ್ನು ಏರಿನಲ್ಲಿ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಜಾರಾಟ, ಸುಟ್ಟ ವಾಸನೆ, ಹೊರಡುವಾಗ ನಡುಕ ಇದ್ದರೆ ಬಿಟ್ಟು ಬನ್ನಿ.

ಗೇರ್ ಕಾರಿನಿಂದ ಆಟೋಮ್ಯಾಟಿಕ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ. ಮೊದಲ ವಾರ ನಿಮ್ಮ ಎಡಗಾಲು ಕ್ಲಚ್ ಹುಡುಕುತ್ತದೆ. ಸಿಗುವುದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ ಒತ್ತುವ ಜೋರಿನಲ್ಲಿ ಅದನ್ನು ಒತ್ತಿದರೆ ಕಾರು ನಡುರಸ್ತೆಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ, ಹಿಂದಿನ ಬೈಕ್ ಬಂದು ಗುದ್ದುತ್ತದೆ. ಎಡಗಾಲನ್ನು ಎಡತುದಿಯ ಕಾಲುಮಣೆಯ ಮೇಲಿಟ್ಟು ಅಲ್ಲೇ ಬಿಡಿ. ಎರಡು ಪೆಡಲ್‌ಗೂ ಬಲಗಾಲೊಂದೇ.

ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ಮಾಡಿ

ಕೂತ ತಕ್ಷಣ ಸ್ಟಾರ್ಟ್ ಮಾಡಬೇಡಿ. ಸೀಟು ಸರಿಸಿ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಎದೆಗೂ ಸ್ಟೇರಿಂಗ್‌ಗೂ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಂತರ ಇರಬೇಕು. ಈಗ ಬಲ ಹಿಮ್ಮಡಿಯನ್ನು ಬ್ರೇಕ್‌ನ ನೇರಕ್ಕೆ ನೆಲದಲ್ಲಿ ಊರಿ. ಹಿಮ್ಮಡಿ ಎತ್ತದೆ, ಪಾದವನ್ನಷ್ಟೇ ತಿರುಗಿಸಿ ಆಕ್ಸಿಲರೇಟರ್ ಮುಟ್ಟಿ. ಮತ್ತೆ ಬ್ರೇಕ್. ಹತ್ತು ಸಲ ಮಾಡಿ. ಸರಾಗವಾಗಿ ಆಗದಿದ್ದರೆ ಆ ಕಾರಿನ ಪೆಡಲ್‌ಗಳು ನಿಮ್ಮ ಪಾದಕ್ಕೆ ಹೊಂದುತ್ತಿಲ್ಲ ಅಂತ ಅರ್ಥ. ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ. ಮ್ಯಾಟ್ ಜಾರುತ್ತಿದೆಯಾ ನೋಡಿ. ನೀರಿನ ಬಾಟಲಿ ಕಾಲ ಬಳಿ ಇಡಬೇಡಿ, ಬ್ರೇಕ್ ಕೆಳಗೆ ಉರುಳಿದರೆ ಪೆಡಲ್ ಒಳಗೇ ಹೋಗುವುದಿಲ್ಲ.

ಇಂಡಿಕೇಟರ್ ಯಾವ ಕಡೆ ಇದೆ ನೋಡಿಕೊಳ್ಳಿ. ನಮ್ಮ ಬಹುತೇಕ ಕಾರುಗಳಲ್ಲಿ ಬಲಕ್ಕಿರುತ್ತದೆ, ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಎಡಕ್ಕೆ. ತಿರುವಿನಲ್ಲಿ ವೈಪರ್ ಹಾಕಿಕೊಂಡು ತಬ್ಬಿಬ್ಬಾಗುವುದು ಬೇಡ.

ಆಮೇಲೆ ಖಾಲಿ ರಸ್ತೆ ಸಿಕ್ಕ ಕಡೆ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ಪಕ್ಕದಲ್ಲಿ ಕೂತವರಿಗೂ ಹೇಳಿ, ಮೂವತ್ತರ ವೇಗದಿಂದ ಒಮ್ಮೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಈಗ ಬರುವ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದೆ. ಅದು ಕೆಲಸ ಮಾಡಿದರೆ ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ. ಕೆಟ್ಟಿದೆ ಅಂದುಕೊಂಡು ಕಾಲು ತೆಗೆಯಬೇಡಿ, ಒತ್ತಿಯೇ ಇರಿ.

ಶೋರೂಮಿನವರು ಸಪಾಟಾದ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ವಾಪಸ್ ತರುತ್ತಾರೆ. ಅದು ಸಾಲದು. "ನಮ್ಮ ಮನೆ ಹತ್ತಿರ ಒಂದು ಸಲ ಹೋಗಿ ಬರೋಣ" ಅಂತ ಕೇಳಿ, ಬಹಳಷ್ಟು ಕಡೆ ಒಪ್ಪುತ್ತಾರೆ. ನಿಮ್ಮ ಬೇಸ್‌ಮೆಂಟಿಗೇ ಇಳಿಸಿ. ಮೇಲೆ ಬರುವಾಗ ರ್‍ಯಾಂಪ್ ಮಧ್ಯದಲ್ಲಿ ನಿಲ್ಲಿಸಿ. ಸೆಕ್ಯುರಿಟಿಯವರಿಗೆ ಮೊದಲೇ ಹೇಳಿ ಹಿಂದೆ ಯಾರೂ ಬರದಂತೆ ನೋಡಿಕೊಳ್ಳಿ. ಐದು ಸೆಕೆಂಡ್ ಹಾಗೇ ಇರಿ. ಆಮೇಲೆ ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಕಾಲು ತಿರುಗಿಸಿ ಹೊರಡಿ. ಎಷ್ಟು ಜಾರಿತು, ನಿಮ್ಮ ಎದೆ ಎಷ್ಟು ಹೊಡೆದುಕೊಂಡಿತು ನೋಡಿ. ಕಾರನ್ನು ಓಡಿಸಲಿರುವ ಮನೆಯ ಪ್ರತಿಯೊಬ್ಬರಿಂದಲೂ ಇದನ್ನು ಒಂದೊಂದು ಸಲ ಮಾಡಿಸಿ. ಬುಕಿಂಗ್ ದುಡ್ಡು ಕಟ್ಟುವುದು ಆಮೇಲೆ.